ಲಿಬ್ರೆಆಫೀಸ್ ರೈಟರ್, ಏಳು ವರ್ಷದ ಬಳಕೆ: ತಾನಾಗಿ ಬೀಳುವ ಅಂಕಿಗಳ ಕಥೆ

ಐದಕ್ಕೆ ನಾಲ್ಕು ಸ್ಟಾರ್. ರೈಟರ್ ಎಂದರೆ ಕಂಪ್ಯೂಟರಿನಲ್ಲಿ ಪತ್ರ, ಅರ್ಜಿ ಟೈಪ್ ಮಾಡುವ ತಂತ್ರಾಂಶ. ಇಡೀ ರೈಟರ್ ಬಗ್ಗೆ ಬರೆಯಲು ಹೊರಟಿಲ್ಲ, ಅಂಕಿ ಹಾಕಿದ ಪಟ್ಟಿಗಳ ಬಗ್ಗೆ ಮಾತ್ರ. ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಟೈಪಿಂಗ್, ಝೆರಾಕ್ಸ್ ಅಂಗಡಿ. ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಪಟ್ಟಿಯೇ: ಅರ್ಜಿದಾರರ ಪಟ್ಟಿ, ಸರ್ವೆ ನಂಬರಿನ ಪಟ್ಟಿ, ಲಗತ್ತಿಸಿದ ಕಾಗದಗಳ ಪಟ್ಟಿ. ಊರೇ ಅಂಥದ್ದು. ಹಳೇ ಊರಿನ ಒಂದಷ್ಟು ಭಾಗ ಆಲಮಟ್ಟಿ ಹಿನ್ನೀರಿಗೆ ಹೋದದ್ದಕ್ಕೇ ಈ ನವನಗರ ಎದ್ದದ್ದು. ಈಗ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ. ಅಂಗಡಿ ಮೆಟ್ಟಿಲು ಹತ್ತುವವರ ಕೈಯಲ್ಲಿ ಜಮೀನಿನ ಉತಾರ (ಪಹಣಿ), ಬಾಯಲ್ಲಿ ಪರಿಹಾರದ ಮಾತು.

ನಾನು ಟೈಪ್‌ರೈಟರ್ ಮೇಲೆ ಕಲಿತವಳು. ಅಲ್ಲಿ ಒತ್ತಿದ ಅಂಕಿ ಕಾಗದಕ್ಕೆ ಬೀಳುತ್ತಿತ್ತು, ಬಿದ್ದದ್ದು ಅಲ್ಲೇ ಇರುತ್ತಿತ್ತು. ರೈಟರ್‌ನಲ್ಲಿ '1.' ಹೊಡೆದು, ಸ್ಪೇಸ್ ಕೊಟ್ಟು, ಹೆಸರು ಬರೆದು ಎಂಟರ್ ಒತ್ತಿದರೆ ಸಾಲು ತುಸು ಬಲಕ್ಕೆ ಸರಿದು, ಕೆಳಗೆ '2.' ಬಂದು ಕೂತಿರುತ್ತದೆ. ಕರ್ಸರ್ ಒಯ್ದು ಆ 2ನ್ನು ಅಳಿಸಿ 5 ಮಾಡೋಣವೆಂದರೆ ಆಗುವುದಿಲ್ಲ. ಫೈಂಡ್‌ನಲ್ಲಿ 2 ಎಂದು ಹುಡುಕಿದರೆ ಸಿಗುವುದಿಲ್ಲ. ಕುತೂಹಲಕ್ಕೆ ಒಮ್ಮೆ ರೈಟರ್ ಉಳಿಸಿಡುವ ಒಡಿಟಿ ಫೈಲಿನ ಹೆಸರನ್ನು ಜಿಪ್ ಎಂದು ಬದಲಿಸಿ, ಬಿಚ್ಚಿ, ಬರಹವೆಲ್ಲ ಇರುವ ಒಳಗಿನ ಕಂಟೆಂಟ್ ಎಕ್ಸ್‌ಎಮ್‌ಎಲ್ ಎಂಬ ಕಡತ ತೆರೆದು ನೋಡಿದೆ. ಹೆಸರುಗಳೆಲ್ಲ ಇವೆ, ಮುಂದಿನ ಅಂಕಿ ಒಂದೂ ಇಲ್ಲ! 'ಇದು ಪಟ್ಟಿ, ಇದು ಪಟ್ಟಿಯ ಒಂದು ಸಾಲು' ಎಂಬ ಗುರುತಷ್ಟೇ. ತೆರೆದಾಗೊಮ್ಮೆ ರೈಟರ್ ಹೊಸದಾಗಿ ಎಣಿಸಿ ತೋರಿಸುತ್ತದೆ.

ಇಂಥ ಅಂಕಿಯ ಬಿಸಿ ಮೊದಲು ತಟ್ಟಿದ್ದು ರೈಟರ್‌ಗೆ ಬರುವ ಮುಂಚೆ, 31 ಜನರ ಒಂದು ಜಂಟಿ ಅರ್ಜಿಯಲ್ಲಿ. ಟೈಪು ಮುಗಿದಿತ್ತು. ಒಬ್ಬರು ಬಂದು, "ಯಕ್ಕಾ, 12ನೇ ನಂಬರಿನ್ಯಾಗ ನಮ್ಮ ತಮ್ಮನ ಹೆಸರ ಐತಲ್ಲ, ಅದನ್ನ ತೆಗೀರಿ. ಅಂವ ಬ್ಯಾರೆ ಅರ್ಜಿ ಕೊಡ್ತಾನಂತ" ಅಂದರು. ತೆಗೆದೆ. ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದರು, ಪಟ್ಟಿ 30ಕ್ಕೆ ನಿಂತಿತು. ಕೈಯಿಂದ ಅಂಕಿ ಹೊಡೆದಿದ್ದರೆ ಹತ್ತೊಂಬತ್ತು ಸಾಲು ತಿದ್ದಬೇಕಿತ್ತು ಎಂದು ಖುಷಿಯಾಗಿಯೇ ಪ್ರಿಂಟ್ ಕೊಟ್ಟೆ.

ಸಹಿ ಹಾಕಲು ಕೂತ ಮುದುಕರೊಬ್ಬರು ಸಾಲಿನ ಮೇಲೆ ಬೆರಳಿಟ್ಟು ಓದಿಸಿಕೊಂಡವರು, "ಯಕ್ಕಾ, ನನ್ನ ಬಾವಿ ಎಲ್ಲಿ ಹೋತು?" ಅಂದರು. ಅರ್ಜಿಯ ಒಡಲಲ್ಲಿ 'ಕ್ರ.ಸಂ. 14ರಿಂದ 19ರವರೆಗಿನವರ ಜಮೀನು ನೀರಾವರಿ' ಎಂದು ಬರೆದಿದ್ದೆ. ಆ 14, 19 ನಾನೇ ಹೊಡೆದವು. ಪಟ್ಟಿ ಸರಿದರೂ ಅವು ಕದಲಲಿಲ್ಲ. ಕಾಕಾ 14ರಿಂದ 13ಕ್ಕೆ ಏರಿ ನೀರಾವರಿಯಿಂದ ಹೊರಗೆ ಬಿದ್ದಿದ್ದರು, 20ರಲ್ಲಿದ್ದ ಒಣ ಬೇಸಾಯದವರು 19ಕ್ಕೆ ಬಂದು ಒಳಗೆ ಸೇರಿದ್ದರು. ತಪ್ಪು ನನ್ನದೇ. ಆದರೆ ಪರದೆಯ ಮೇಲೆ ಎರಡೂ ಥರದ ಅಂಕಿ ಒಂದೇ ಅಕ್ಷರ, ಒಂದೇ ಕಪ್ಪು ಬಣ್ಣದಲ್ಲಿದ್ದರೆ ಯಾವುದು ಓಡಾಡುತ್ತದೆ, ಯಾವುದು ನಿಂತಿರುತ್ತದೆ ಎಂದು ಯಾರಿಗೆ ತಿಳಿದೀತು?

ಆಗ ನಾನು ಬಳಸುತ್ತಿದ್ದದ್ದು ಬೇರೆ ಎಡಿಟರ್. ರೈಟರ್‌ಗೆ ಬಂದ ಮೇಲೆ ಮೊದಲು ಕಣ್ಣಿಗೆ ಬಿದ್ದದ್ದು ಅಂಕಿಯ ಹಿಂದಿನ ಬೂದು ಛಾಯೆ. ಯಂತ್ರ ಹಾಕಿದ ಅಂಕಿಗೆ ಬೂದು, ನಾನು ಹೊಡೆದದ್ದಕ್ಕೆ ಬಿಳಿ. ಪ್ರಿಂಟಿನಲ್ಲಿ ಈ ಬೂದು ಬರುವುದಿಲ್ಲ. ಬಹಳ ಜನ ಇದನ್ನು ಕೊಳೆ ಎಂದುಕೊಂಡು ಕಂಟ್ರೋಲ್ ಎಫ್8 ಒತ್ತಿ ತೆಗೆಸುತ್ತಾರೆ. ನನಗೆ ಇಡೀ ತಂತ್ರಾಂಶದಲ್ಲಿ ಅತಿ ಪ್ರಾಮಾಣಿಕ ಎನಿಸಿದ್ದು ಇದೇ. ನಾಲ್ಕರಲ್ಲಿ ಎರಡು ಸ್ಟಾರ್ ಆ ಬೂದು ಬಣ್ಣಕ್ಕೇ.

ಒಡಲಿನ ಅಂಕಿಗೂ ದಾರಿ ಇದೆ. ಇನ್ಸರ್ಟ್ ಮೆನುವಿನ ಕ್ರಾಸ್ ರೆಫರೆನ್ಸ್‌ಗೆ ಹೋಗಿ, ನಂಬರ್ಡ್ ಪ್ಯಾರಾಗ್ರಾಫ್ಸ್‌ನಲ್ಲಿ ಕಾಕಾನ ಸಾಲು ಆರಿಸಿದರೆ ಅದರ ಅಂಕಿ ವಾಕ್ಯದೊಳಗೆ ಬೂದಾಗಿಯೇ ಬಂದು ಕೂರುತ್ತದೆ. ಪಟ್ಟಿ ಬದಲಾದ ಮೇಲೆ ಎಫ್9 ಒತ್ತಿದರೆ ಇದೂ ಬದಲಾಗುತ್ತದೆ. ಅದರ ಬೆನ್ನಿಗೆ 'ರಿಂದ', 'ರವರೆಗೆ', 'ನೇ' ಅಂಟಿಸಿದರೆ ಆಯಿತು. ಒಂದನೇ, ಎರಡನೇ, ಮೂವತ್ತನೇ, ಎಲ್ಲಕ್ಕೂ ಒಂದೇ 'ನೇ'. ಇಂಗ್ಲಿಷಿನವರಿಗೆ ಒಂದಕ್ಕೆ 'ಎಸ್‌ಟಿ' ಬಾಲ, ಎರಡಕ್ಕೆ 'ಎನ್‌ಡಿ' ಬಾಲ. ಈ ವಿಷಯದಲ್ಲಿ ನಾವೇ ಸುಖಿಗಳು.

ಸ್ಟಾರ್ ಒಂದು ಹೋದದ್ದು ಫೈಲು ಅಂಗಡಿ ದಾಟಿದಾಗ. ವಕೀಲರಿಗೆಲ್ಲ ಮೈಕ್ರೋಸಾಫ್ಟ್ ವರ್ಡ್‌ನ ಡಾಕ್ಸ್ ಫೈಲೇ ಬೇಕು. ಒಡಿಟಿಯಲ್ಲಿ ಪಟ್ಟಿಯೆಂದರೆ ಸಾಲುಗಳನ್ನು ತುಂಬಿಟ್ಟ ಚೀಲ. ಡಾಕ್ಸ್‌ನಲ್ಲಿ ಚೀಲವಿಲ್ಲ, ಒಂದೊಂದು ಪ್ಯಾರಾದ ಕೊರಳಿಗೂ 'ನೀನು ಇಂಥ ಪಟ್ಟಿಯವ, ಇಷ್ಟನೇ ಹಂತದವ' ಎಂಬ ಚೀಟಿ, ಆ ಪಟ್ಟಿಯ ನಿಯಮ ಒಳಗಿನ ಇನ್ನೊಂದು ಕಡತದಲ್ಲಿ. ಇತ್ತಿಂದತ್ತ ನಾಲ್ಕು ಸಲ ಓಡಾಡಿದ ಒಂದು ಫೈಲಿನಲ್ಲಿ, ನಡುವೆ ಟೇಬಲ್ ಬಂದ ಕಡೆ 9 ಆದ ಮೇಲೆ ಮತ್ತೆ 1 ಶುರುವಾಗಿತ್ತು. ಯಾರ ಕಂಪ್ಯೂಟರಿನಲ್ಲಿ ಕೆಟ್ಟಿತೋ ಹೇಳಲಾರೆ. ಅಂಕಿಯೇ ಫೈಲಿನಲ್ಲಿ ಇಲ್ಲದ ಮೇಲೆ ಕಳೆದದ್ದನ್ನು ಎಲ್ಲಿ ಹುಡುಕುವುದು? ಎಡಿಟರ್ ಕೊನೆಯ ಸಲ ಎಣಿಸಿದ್ದನ್ನು ಫೈಲಿನಲ್ಲಿ ಬರೆದಿಟ್ಟು, ಮುಂದೆ ತೆರೆದಾಗ ತಾಳೆಯಾಗದಿದ್ದರೆ ಕೂಗಿ ಹೇಳಬೇಕು ಎನ್ನುವುದು ನನ್ನ ಆಸೆ. ಅಲ್ಲಿಯ ತನಕ ಸಹಿಗೆ ಹೋಗುವುದನ್ನು ಪಿಡಿಎಫ್ ಮಾಡಿಯೇ ಕೊಡುತ್ತೇನೆ, ಅದರಲ್ಲಿ ಅಂಕಿ ಗಟ್ಟಿಯಾಗಿ ಕೂತಿರುತ್ತದೆ.

ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದ ಹಳೆ ಫಾಂಟುಗಳಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಅಲ್ಲಿ ಕನ್ನಡ ಅಕ್ಷರದ ಹಿಂದೆ ಇರುವುದು ಇಂಗ್ಲಿಷ್ ಅಕ್ಷರ. 'ದ'ಕ್ಕೆ ಸಣ್ಣ ಝಡ್, 'ಚ'ಕ್ಕೆ ದೊಡ್ಡ ಝಡ್. ಸಾಲಿನ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಆಟೋಕರೆಕ್ಟ್ ಕೈ ಹಾಕಿತೋ, 'ದರ' ಹೋಗಿ 'ಚರ' ಆಗುತ್ತದೆ, 'ದಾಖಲೆ' ಹೋಗಿ 'ಚಾಖಲೆ'. ಕೊಟೇಶನ್ ಬರೆಸಲು ಬಂದವರ ಮುಂದೆ ಮರ್ಯಾದೆ ಹೋಗುವ ಕೆಲಸ. ಸರ್ವೆ ನಂಬರ್ 3/2ನ್ನು ತಾರೀಖು ಮಾಡಿಬಿಡುವ ಸ್ಪ್ರೆಡ್‌ಶೀಟಿನ ಬಗ್ಗೆ ಇನ್ನೊಂದು ದಿನ ಬೈಯುತ್ತೇನೆ.

ಅಂಗಡಿಯ ಹುಡುಗಿಗೆ ಹೇಳಿಕೊಟ್ಟದ್ದು ಇಷ್ಟು. ಬೇಡದ ಕಡೆ ಪಟ್ಟಿ ಬಿದ್ದರೆ ತಕ್ಷಣ ಕಂಟ್ರೋಲ್ ಝಡ್ ಒತ್ತು, ಬರೆದದ್ದು ಉಳಿದು ಪಟ್ಟಿ ಮಾತ್ರ ಹೋಗುತ್ತದೆ. ಹತ್ತು ಸಾಲಿನೊಳಗಿನ ಪತ್ರವಿದ್ದರೆ ಟೂಲ್ಸ್ ಮೆನುವಿನ ಆಟೋಕರೆಕ್ಟ್ ಆಪ್ಷನ್ಸ್‌ನಲ್ಲಿ ಈ ತಾನಾಗಿ ಅಂಕಿ ಹಾಕುವುದನ್ನು ಬಂದ್ ಮಾಡಿ, ಕೈಯಿಂದಲೇ ಅಂಕಿ ಹೊಡಿ. ಉದ್ದ ಪಟ್ಟಿಗೆ ಎಫ್12 ಒತ್ತಿ ಯಂತ್ರದಿಂದಲೇ ಅಂಕಿ ಹಾಕಿಸು. ಬೂದು ಬಣ್ಣ ಮಾತ್ರ ತೆಗೆಯಬೇಡ. ಮೊನ್ನೆ ಅವಳೇ ಒಬ್ಬರಿಗೆ ಪರದೆ ತೋರಿಸಿ ಹೇಳುತ್ತಿದ್ದಳು: "ನೋಡ್ರಿ ಅಣ್ಣಾರ, ಈ ಬೂದಿ ಬಣ್ಣದ 7 ಐತಲ್ರೀ, ಇದು ಈಗಿನ ಮಟ್ಟಿಗೆ 7. ಹೆಸರೆಲ್ಲ ಪಕ್ಕಾ ಆಗೂ ಮಟ ಯಾರಿಗೂ ಹೇಳಬ್ಯಾಡ್ರಿ."