ಬಣ್ಣದ ಸುಣ್ಣ, ಎಮಲ್ಷನ್, ವಾಲ್‌ಪೇಪರ್, ಹಸೆ: ಯಾವ ಗೋಡೆಗೆ ಯಾವುದು?

ಮನೆಗೆ ಬಣ್ಣ ಹೊಡೆಸಬೇಕು ಎಂದ ಕೂಡಲೇ ನಾವೆಲ್ಲ ಅಂಗಡಿಗೆ ಹೋಗಿ ಬಣ್ಣದ ಪುಸ್ತಕ ತಿರುವಲು ಕೂರುತ್ತೇವೆ. ಹಳದಿಯಲ್ಲೇ ಹತ್ತಾರು ಬಗೆ, ನೀಲಿಯಲ್ಲಿ ಇನ್ನಷ್ಟು. ಆರಿಸುವುದರಲ್ಲೇ ವಾರ ಕಳೆಯುತ್ತದೆ. ಆ ಬಣ್ಣ ಗೋಡೆಗೆ ಯಾವ ರೂಪದಲ್ಲಿ ಬರಬೇಕು, ಸುಣ್ಣವಾಗಿಯೋ, ಡಬ್ಬಿಯಲ್ಲಿ ಬರುವ ಅಕ್ರಿಲಿಕ್ ಬಣ್ಣವಾದ ಎಮಲ್ಷನ್ ಆಗಿಯೋ, ಕಾಗದವಾಗಿಯೋ, ಕೈಯಲ್ಲಿ ಬರೆಯುವ ಹಸೆ ಚಿತ್ತಾರವಾಗಿಯೋ ಎಂಬುದನ್ನು ಮಾತ್ರ ಪೇಂಟರಿಗೆ ಬಿಟ್ಟುಬಿಡುತ್ತೇವೆ. ಮಲೆನಾಡಿನ ಸಾಗರ ಊರಿನ ಕಡೆಯ ಮಳೆಯಲ್ಲಿ ಮನೆ ನಡೆಸುತ್ತಿರುವ ನನಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯವೆನಿಸಿದೆ. ಬಣ್ಣ ಎಷ್ಟೇ ಚೆಂದವಿರಲಿ, ಗೋಡೆ ಅದನ್ನು ಒಪ್ಪಿಕೊಳ್ಳದಿದ್ದರೆ ಒಂದು ಮಳೆಗಾಲದಲ್ಲಿ ಅದರ ಕಥೆ ಮುಗಿಯುತ್ತದೆ.

ನಮ್ಮ ಮನೆ ಈ ಹೋಲಿಕೆಗೆ ಹೇಳಿ ಮಾಡಿಸಿದಂತಿದೆ. ಮುಂಭಾಗದ ಜಗಲಿ, ಪಡಸಾಲೆ ಮತ್ತು ನಡುಮನೆ ಹಳೆಯವು: ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಸುಣ್ಣದ ಗಿಲಾವು, ಮೇಲೆ ಮಂಗಳೂರು ಹಂಚು. ಹಿಂದಿನ ಅಡುಗೆಮನೆ ಮತ್ತು ಮಕ್ಕಳ ಕೋಣೆ ಆಮೇಲೆ ಕಟ್ಟಿದವು: ಇಟ್ಟಿಗೆ, ಸಿಮೆಂಟ್, ತಾರಸಿ. ಮಳೆ ಎಲ್ಲಕ್ಕೂ ಒಂದೇ, ಗೋಡೆಗಳ ಸ್ವಭಾವ ಮಾತ್ರ ಬೇರೆ ಬೇರೆ. ಇಲ್ಲಿ ನಾಲ್ಕೂ ಬಗೆಯನ್ನು ಬಳಸಿ ನೋಡಿದ್ದೇನೆ.

ಮೊದಲು ಸುಣ್ಣ ಮತ್ತು ಎಮಲ್ಷನ್. ನಿಜವಾದ ಪೈಪೋಟಿ ಇರುವುದು ಇವೆರಡರ ನಡುವೆಯೇ. ಪಡಸಾಲೆಯ ಪಡುವಣ ಗೋಡೆಯನ್ನು ಬೇಕೆಂದೇ ಎರಡು ಪಾಲು ಮಾಡಿಸಿದೆವು. ಎಡಪಾಲಿಗೆ ಕೆಮ್ಮಣ್ಣು ಬೆರೆಸಿದ ಸುಣ್ಣ, ಬಲಪಾಲಿಗೆ ಅದಕ್ಕೆ ಆದಷ್ಟು ಹತ್ತಿರದ ಇಟ್ಟಿಗೆ ಬಣ್ಣದ ಎಮಲ್ಷನ್. ದೀಪಾವಳಿ ಕಳೆದು ಬಣ್ಣ ಒಣಗಿದಾಗ ಎಮಲ್ಷನ್ ಪಾಲೇ ಗೆದ್ದಂತೆ ಕಾಣುತ್ತಿತ್ತು. ಮೂಲೆಯಿಂದ ಮೂಲೆಗೆ ಒಂದೇ ಸಮ, ಕೈ ಆಡಿಸಿದರೆ ನುಣುಪು. ಸುಣ್ಣದ ಪಾಲಿನಲ್ಲಿ ಕುಂಚದ ಗೆರೆಗಳು ಕಾಣುತ್ತಿದ್ದವು. ಒಂದೆಡೆ ಗಾಢ, ಇನ್ನೊಂದೆಡೆ ತಿಳಿ.

ಆಷಾಢದ ಹೊತ್ತಿಗೆ ಲೆಕ್ಕ ತಿರುಗಿತು. ಎಮಲ್ಷನ್ ಪಾಲಿನಲ್ಲಿ ನೆಲದಿಂದ ಮೊಣಕಾಲೆತ್ತರದವರೆಗೆ ಗುಳ್ಳೆಗಳೆದ್ದವು. ಒಂದನ್ನು ಬೆರಳಿನಿಂದ ಒತ್ತಿದರೆ ಹಕ್ಕಳೆ ಪಟಕ್ಕನೆ ಒಡೆದು, ಒಳಗಿಂದ ಬಿಳಿಯ ಉಪ್ಪಿನ ಹುಡಿ ಉದುರಿತು. ಕಾರಣ ಸರಳ. ಹಳೆಯ ಜಂಬಿಟ್ಟಿಗೆ ಗೋಡೆಯ ಬುಡದಲ್ಲಿ ನೆಲದ ನೀರನ್ನು ತಡೆಯುವ ಪದರವಿಲ್ಲ. ಮಳೆಗಾಲದಲ್ಲಿ ಕಲ್ಲು ನೀರನ್ನು ಮೇಲಕ್ಕೆ ಹೀರುತ್ತದೆ, ಆ ನೀರು ಉಪ್ಪನ್ನೂ ಹೊತ್ತು ತರುತ್ತದೆ. ಎಮಲ್ಷನ್ ಒಣಗಿದ ಮೇಲೆ ಗೋಡೆಯ ಮೇಲೆ ಉಳಿಯುವುದು ಅಕ್ರಿಲಿಕ್‌ನ ಪೊರೆ. ತೇವ ಹೊರಹೋಗಲು ದಾರಿ ಸಾಲದೆ ಆ ಪೊರೆಯನ್ನೇ ಎತ್ತುತ್ತದೆ. ಸುಣ್ಣದ ಪಾಲಿನಲ್ಲೂ ತೇವ ಬಂದಿತ್ತು, ಬಣ್ಣ ಒಂದಿಷ್ಟು ಕಪ್ಪಿಟ್ಟಿತ್ತು. ಆದರೆ ಮಳೆ ಬಿಟ್ಟು ಗೋಡೆ ಒಣಗಿದಂತೆ ಬಣ್ಣವೂ ಮೊದಲಿನಂತಾಯಿತು. ಗುಳ್ಳೆ ಇಲ್ಲ, ಬೂಷ್ಟೂ ಇಲ್ಲ. ಹೊಸ ಸುಣ್ಣ ತೀರಾ ಕ್ಷಾರೀಯವಾದ್ದರಿಂದ ಅದರ ಮೇಲೆ ಬೂಷ್ಟು ಸುಲಭಕ್ಕೆ ನೆಲೆಯೂರುವುದಿಲ್ಲ.

ಸುಣ್ಣದ ಬಣ್ಣದಲ್ಲಿ ನನಗೆ ಇಷ್ಟವಾಗುವ ಇನ್ನೊಂದು ಗುಣವಿದೆ. ಸುಣ್ಣ ಒಣಗುತ್ತ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಬಣ್ಣದ ಕಣಗಳು ಆ ಸೂಕ್ಷ್ಮ ಹರಳುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಗಾಜಿನ ಹಂಚಿನಿಂದ ಬಿಸಿಲಿನ ಕೋಲು ಇಳಿದು ಬಿದ್ದಾಗ ಎಮಲ್ಷನ್ ಪಾಲು ಬಿದ್ದ ಜಾಗದಲ್ಲಷ್ಟೇ ಹೊಳೆಯುತ್ತಿತ್ತು, ಸುಣ್ಣದ ಪಾಲು ಬೆಳಕನ್ನು ಸುತ್ತಲೂ ಹರಡಿ ಇಡೀ ಪಡಸಾಲೆಗೆ ಕೆಂಪಿನ ಛಾಯೆ ಕೊಡುತ್ತಿತ್ತು. ಆ ಹೊತ್ತಿನ ಬಣ್ಣವನ್ನು ಯಾವ ಡಬ್ಬಿಯಲ್ಲೂ ಕಂಡಿಲ್ಲ.

ಕೊರತೆಗಳೂ ಇವೆ. ಸುಣ್ಣದ ಗೋಡೆಗೆ ಒರಗಿದರೆ ಅಂಗಿಗೆ ಬಣ್ಣ ಹತ್ತುತ್ತದೆ. ಕಲೆಯಾದರೆ ಒರೆಸುವಂತಿಲ್ಲ, ಅದರ ಮೇಲೆ ಇನ್ನೊಂದು ಕೈ ಬಳಿಯಬೇಕು. ಬಣ್ಣಗಳ ಆಯ್ಕೆಯೂ ಕಡಿಮೆ. ಕ್ಷಾರವನ್ನು ತಾಳಿಕೊಳ್ಳುವ ಬಣ್ಣಗಳು ಮಾತ್ರ ಸುಣ್ಣದಲ್ಲಿ ಉಳಿಯುತ್ತವೆ: ಕೆಮ್ಮಣ್ಣು, ಹಳದಿ ಮಣ್ಣು, ಕಬ್ಬಿಣದ ಆಕ್ಸೈಡ್‌ಗಳು, ಬಟ್ಟೆಗೆ ಹಾಕುವ ಪುಡಿ ನೀಲಿ. ಪ್ರಷ್ಯನ್ ನೀಲಿ ಸುಣ್ಣದಲ್ಲಿ ಕೆಟ್ಟು ಕಂದಾಗುತ್ತದೆ. ಗಾಢ ಗುಲಾಬಿ, ನೇರಳೆಗಳ ಆಸೆಯನ್ನು ಇಲ್ಲಿ ಬಿಟ್ಟುಬಿಡಬೇಕು. ಬಣ್ಣದ ಪುಡಿ ಸುಣ್ಣದ ತೂಕದ ಹತ್ತರಲ್ಲೊಂದು ಭಾಗವನ್ನು ಮೀರಬಾರದು, ಮೀರಿದರೆ ಹುಡಿ ಉದುರುವುದು ಹೆಚ್ಚುತ್ತದೆ. ಹಾಗಾಗಿ ಸುಣ್ಣದಲ್ಲಿ ಕಡುಗೆಂಪು ಸಿಗುವುದಿಲ್ಲ, ಮಾಗಿದ ಕೆಂಪು ಸಿಗುತ್ತದೆ.

ಬಳಿಯುವ ಕೆಲಸದಲ್ಲೂ ತಾಳ್ಮೆ ಬೇಕು. ಅರಳಿದ ಸುಣ್ಣವನ್ನು ನೀರಿನಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಬೇಕು. ಗೋಡೆಗೆ ನೀರು ಚಿಮುಕಿಸಿ, ಅದು ಹಸಿಯಿರುವಾಗಲೇ ಬಳಿಯಬೇಕು. ಮೊದಲ ಕೈ ಬಳಿದಾಗ ಏನೂ ಕಾಣುವುದಿಲ್ಲ, ಬಳಿದ ಜಾಗ ಬರೀ ನೀರು ಹಚ್ಚಿದಂತಿರುತ್ತದೆ. ಒಣಗುತ್ತ ಒಣಗುತ್ತ ಬಣ್ಣ ಮೇಲೇಳುತ್ತದೆ, ಅದೂ ಬಕೆಟ್ಟಿನಲ್ಲಿ ಕಂಡದ್ದಕ್ಕಿಂತ ಎಷ್ಟೋ ತಿಳಿಯಾಗಿ. ಇದು ಗೊತ್ತಿಲ್ಲದವರು ಎರಡನೆಯ ಕೈಗೆ ದಪ್ಪ ಮಾಡಿಬಿಡುತ್ತಾರೆ. ದಪ್ಪ ಸುಣ್ಣ ಬಿರುಕುಬಿಟ್ಟು ಹಕ್ಕಳೆ ಏಳುತ್ತದೆ. ತೆಳ್ಳಗೆ ಮೂರು ಕೈ ಬಳಿಯುವುದೇ ಸರಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಮರೆಯಬಾರದು, ಹಸಿ ಸುಣ್ಣ ಸುಡುತ್ತದೆ.

ಹಾಗೆಂದು ಎಮಲ್ಷನ್ನನ್ನು ನಾನು ದೂರುವುದಿಲ್ಲ. ಹಿಂದಿನ ಸಿಮೆಂಟ್ ಕೋಣೆಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಅಡುಗೆಮನೆಯಲ್ಲಿ ನವಿಲು ನೀಲಿ ಹೊಡೆಸಿದ್ದೇವೆ. ಒಗ್ಗರಣೆ ಸಿಡಿದರೂ ಅರಿಸಿನದ ಕೈ ತಗುಲಿದರೂ ಆ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಮಕ್ಕಳ ಕೋಣೆಯ ಸಾಸಿವೆ ಹೂವಿನ ಹಳದಿ ಸುಣ್ಣದಲ್ಲಿ ಬರುವಂಥದ್ದೇ ಅಲ್ಲ. ಇಲ್ಲಿ ಗಮನಿಸಬೇಕಾದದ್ದು ಎರಡು. ಹೊಸ ಗಿಲಾವಾದರೆ ಕನಿಷ್ಠ 28 ದಿನ ಕಳೆದು, ಗೋಡೆ ಪೂರ್ತಿ ಒಣಗಿದ ಮೇಲೆಯೇ ಪ್ರೈಮರ್ ಹೊಡೆಸಬೇಕು. ಇನ್ನೊಂದು, ಪುಸ್ತಕದ ಚಿಕ್ಕ ಚೌಕದಲ್ಲಿ ಕಂಡ ಬಣ್ಣ ನಾಲ್ಕು ಗೋಡೆಗೆ ಹರಡಿದಾಗ ಇನ್ನೂ ಗಾಢವಾಗುತ್ತದೆ, ಏಕೆಂದರೆ ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಪ್ರತಿಫಲಿಸುತ್ತದೆ. ಚಿಕ್ಕ ಡಬ್ಬಿ ತಂದು, ಎದುರುಬದುರಿನ ಎರಡು ಗೋಡೆಗಳಲ್ಲಿ ಎರಡಡಿ ಚೌಕ ಬಳಿದು, ಬೆಳಗ್ಗೆ, ಮೋಡ ಕವಿದಾಗ ಮತ್ತು ರಾತ್ರಿ ದೀಪದಲ್ಲಿ ನೋಡಿ. ನಾವು ನೋಡಿದ ಮೊದಲ ಹಳದಿ, ಬಡಗಣ ಕಿಟಕಿಯ ಬೆಳಕಿನಲ್ಲಿ ಹಸಿರು ಬೆರೆತಂತೆ ಕಂಡಿತು. ಒಂದಿಷ್ಟು ಕೆಂಪು ಹೆಚ್ಚಿರುವ ಹಳದಿ ಆರಿಸಿದಾಗ ಸರಿಹೋಯಿತು. ಬಿಳಿ ಟ್ಯೂಬ್‌ಲೈಟ್ ತೆಗೆದು 2700 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ಹಾಕಿದರೆ ಅದೇ ಗೋಡೆ ಬೇರೆಯದೇ ಆಗುತ್ತದೆ.

ಡಿಸ್ಟೆಂಪರ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಎಮಲ್ಷನ್‌ಗಿಂತ ಅಗ್ಗ, ಆದರೆ ಅದರಂತೆ ತೊಳೆಯಲಾಗದು. ಸುಣ್ಣದಂತೆ ಕೈಗೆ ಹತ್ತುತ್ತದೆ, ಸುಣ್ಣದ ಕಳೆ ಮಾತ್ರ ಇಲ್ಲ. ಉಗ್ರಾಣಕ್ಕೆ ಹೊಡೆಸಿದ್ದೇವೆ, ಅಲ್ಲಿಗೆ ಸಾಕು.

ಇನ್ನು ಗೋಡೆಯ ಮೇಲೆ ಚಿತ್ತಾರ ಬೇಕೆನ್ನುವವರ ವಿಷಯ. ನಡುಮನೆಯ ದೊಡ್ಡ ಗೋಡೆಗೆ ಮೊದಲು ಬಂದದ್ದು ವಿನೈಲ್ ವಾಲ್‌ಪೇಪರ್. ಕೆಂಪು ನೆಲದ ಮೇಲೆ ಬಿಳಿ ಬಳ್ಳಿಗಳ ವಿನ್ಯಾಸ. ಸಾಮಾನ್ಯವಾಗಿ ಒಂದು ಸುರುಳಿ 53 ಸೆಂಟಿಮೀಟರ್ ಅಗಲ, 10 ಮೀಟರ್ ಉದ್ದ, ಅಂದರೆ ಸುಮಾರು 57 ಚದರಡಿ. ಲೆಕ್ಕ ಹಾಕುವಾಗ ವಿನ್ಯಾಸ ಹೊಂದಿಸಲು ಕತ್ತರಿಸಿ ಬಿಸಾಡುವ ಪಾಲನ್ನೂ ಸೇರಿಸಿಕೊಳ್ಳಬೇಕು. ಅಂಟಿಸಿದ ದಿನ ನೆಂಟರೆಲ್ಲ ಮೆಚ್ಚಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಜೋಡಣೆಯ ಅಂಚುಗಳು ಬಾಯಿಬಿಟ್ಟವು, ಒಂದು ಅಂಚನ್ನು ಎತ್ತಿ ನೋಡಿದರೆ ಹಿಂದೆ ಕಪ್ಪು ಬೂಷ್ಟು. ಬೆಂಗಳೂರಿನಲ್ಲಿ ತಂಗಿಯ ಅಪಾರ್ಟ್‌ಮೆಂಟಿನ ಒಳಗೋಡೆಗೆ ಅಂಟಿಸಿದ ಅಂಥದ್ದೇ ಕಾಗದ ಇಂದಿಗೂ ಚೆನ್ನಾಗಿದೆ. ಅದು ಒಣ ಗೋಡೆ, ಹೊರಗಿನ ಮಳೆ ಅದಕ್ಕೆ ತಾಗುವುದೇ ಇಲ್ಲ. ಒಣ ಒಳಗೋಡೆ ಇರುವವರು ಧೈರ್ಯವಾಗಿ ಅಂಟಿಸಬಹುದು. ಹೊರಗೋಡೆಗೆ, ಬಚ್ಚಲಿನ ಪಕ್ಕದ ಗೋಡೆಗೆ, ಹಂಚಿನ ಮನೆಗೆ ನಾನಂತೂ ಬೇಡವೆನ್ನುತ್ತೇನೆ.

ಕಾಗದ ಕಿತ್ತು, ಗೋಡೆ ಒಣಗಿಸಿ, ಅಲ್ಲಿ ಹಸೆ ಚಿತ್ತಾರ ಬರೆಸಿದೆವು. ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಹೆಂಗಸರು ಮದುವೆಯ ಮನೆಗಳಲ್ಲಿ ಬರೆಯುತ್ತ ಬಂದಿರುವ ಚಿತ್ತಾರ ಇದು. ಕೆಮ್ಮಣ್ಣಿನ ನೆಲ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಇಷ್ಟೇ ಬಣ್ಣ. ಕುಂಚ ಪುಂಡಿ ನಾರಿನದು. ಪಕ್ಕದ ಹಳ್ಳಿಯ ಹಿರಿಯರೊಬ್ಬರು ಬಂದು ಬರೆದರು. ಗೋಡೆಯ ತುಂಬ ಬರೆಯಬಹುದೇ ಎಂದು ಕೇಳಿದ್ದಕ್ಕೆ, "ಬೇಡ ತಂಗಿ, ಕೆಳಗೆ ಮೂರಡಿ ಬಿಡೋಣ. ಜನ ಬೆನ್ನು ಒರಗಿಸಿ ಕೂರುವ ಜಾಗ ಅದು, ಬರೆದರೂ ಉಳಿಯುವುದಿಲ್ಲ" ಎಂದರು. ನಾರಿನ ತುದಿಯನ್ನು ಅಕ್ಕಿ ಹಿಟ್ಟಿನ ಬಣ್ಣದಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒಮ್ಮೆ ಸವರಿ, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಗೆರೆ ಎಳೆಯುತ್ತಿದ್ದರು. ಗೆರೆಯ ಪಕ್ಕ ಗೆರೆ, ನಡುವಿನ ಅಂತರ ಎಲ್ಲಿಯೂ ತಪ್ಪಲಿಲ್ಲ. ಸ್ಕೇಲು ಹಿಡಿಯಲೂ ಇಲ್ಲ.

ವಾಲ್‌ಪೇಪರ್ ಮತ್ತು ಹಸೆಯನ್ನು ಖರ್ಚಿನಲ್ಲಿ ಹೋಲಿಸಿದರೆ, ಕಾಗದಕ್ಕೆ ಮತ್ತು ಅಂಟಿಸುವ ಕೂಲಿಗೆ ಕೊಟ್ಟ ಹಣಕ್ಕಿಂತ ಈ ಅಕ್ಕನ ಕೂಲಿ ಕಡಿಮೆಯೇ ಆಯಿತು. ಅದು ಸರಿಯಲ್ಲವೆನಿಸಿ, ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟೆವು. ನೀವು ಬರೆಸುವುದಾದರೆ ದಯವಿಟ್ಟು ಚೌಕಾಶಿಗೆ ಇಳಿಯಬೇಡಿ. ಬಾಳಿಕೆಯಲ್ಲಿ ಮಾತ್ರ ಎಚ್ಚರ ಬೇಕು: ಈ ಬಣ್ಣಗಳು ನೀರಿಗೆ ಕರಗುತ್ತವೆ, ಒರೆಸಿದರೆ ಅಳಿಸಿಹೋಗುತ್ತವೆ. ಅಕ್ಕಿ ಹಿಟ್ಟಿಗೆ ಜಿರಳೆಯೂ ಬಾಯಿ ಹಾಕಬಹುದು. ಧೂಳನ್ನು ನವಿಲುಗರಿಯ ಕಟ್ಟಿನಿಂದ ಹಗುರಾಗಿ ಕೊಡವುತ್ತೇವೆ. ಕಾಯಂ ಆಗಿ ಉಳಿಯಬೇಕೆನ್ನುವವರಿಗೆ ಅಕ್ರಿಲಿಕ್ ಬಣ್ಣದಲ್ಲಿ ಬರೆದುಕೊಡುವವರೂ ಇದ್ದಾರೆ. ಸಿಮೆಂಟ್ ಗೋಡೆಗೆ ಅದೇ ಒಳ್ಳೆಯದು. ಹಳೆಯ ಗೋಡೆಗೆ ಮಣ್ಣಿನ ಬಣ್ಣವೇ ಇರಲಿ ಎಂಬುದು ನನ್ನ ಹಟ. ಮಸುಕಾದ ಗೆರೆಗಳನ್ನು ಅವರೇ ಬಂದು ತಿದ್ದಿಕೊಡುತ್ತಾರೆ.

ಬಾಡಿಗೆ ಮನೆಯವರಿಗೆ ಇದ್ಯಾವುದರ ಸ್ವಾತಂತ್ರ್ಯವೂ ಇರುವುದಿಲ್ಲ. ಮೊಳೆ ಹೊಡೆಯುವುದಕ್ಕೂ ಮಾಲೀಕರನ್ನು ಕೇಳಬೇಕು. ಅವರು ಬಣ್ಣವನ್ನು ಬಟ್ಟೆಯಲ್ಲಿ ತರಬಹುದು. ಅಮ್ಮನ ಹಳೆಯ ಇಳಕಲ್ ಸೀರೆಗಳನ್ನು ನಾನು ಕಿಟಕಿಗೆ ಪರದೆ ಮಾಡಿದ್ದೇನೆ. ಕೆಂಪು ಸೆರಗಿನ ಬಿಳಿ ತೆನೆಗಳು ಬೆಳಕಿಗೆ ಎದುರಾದಾಗ ಬಿಳಿ ಗೋಡೆಯೂ ಬಣ್ಣ ಪಡೆಯುತ್ತದೆ. ಮೂಡಣ ಮತ್ತು ಬಡಗಣ ಕಿಟಕಿಗೆ ಮಾತ್ರ ಹಾಕಿ, ಪಡುವಣ ಬಿಸಿಲಿಗೆ ಸೆರಗಿನ ರೇಷ್ಮೆ ಬೇಗ ಪಿಸಿಯುತ್ತದೆ. ನೆಲಕ್ಕೆ ನವಲಗುಂದದ ಜಮಖಾನೆ ಹಾಸಿದರಂತೂ ಕೋಣೆಗೆ ಬೇರೆ ಅಲಂಕಾರವೇ ಬೇಡ. ಅದರ ನವಿಲು, ಪಗಡೆಹಾಸುಗಳ ಬಣ್ಣ ಅಷ್ಟು ದಟ್ಟ. ಮನೆ ಬದಲಿಸುವಾಗ ಸುತ್ತಿಕೊಂಡು ಹೊರಡಬಹುದು. ಗೋಡೆಗೆ ಹಾಕಿದ ಹಣಕ್ಕೆ ಈ ಅನುಕೂಲವಿಲ್ಲ.

ಸ್ವಂತ ಮನೆಯವರು ಕೇಳುವ ಇನ್ನೊಂದು ಪ್ರಶ್ನೆ: ಈಗ ಎಮಲ್ಷನ್ ಇರುವ ಗೋಡೆಗೆ ಸುಣ್ಣ ಬಳಿಯಬಹುದೇ? ನೇರವಾಗಿ ಬಳಿದರೆ ಹಿಡಿಯುವುದಿಲ್ಲ. ಸುಣ್ಣಕ್ಕೆ ನೀರು ಹೀರುವ ಗೋಡೆ ಬೇಕು, ಅಕ್ರಿಲಿಕ್‌ನ ಪೊರೆ ನೀರು ಹೀರುವುದಿಲ್ಲ. ಪೂರ್ತಿ ಕೆರೆದು ಗಿಲಾವು ಕಾಣಿಸಿದ ಮೇಲೆಯೇ ಸುಣ್ಣದ ಮಾತು. ನಮ್ಮ ಪಡಸಾಲೆಯ ಬಲಪಾಲನ್ನು ಹೀಗೆಯೇ ಕೆರೆಸಿದೆವು, ಅದರ ಕೂಲಿ ಸುಣ್ಣದ ಬೆಲೆಯನ್ನು ಮೀರಿಸಿತು. ಸುಣ್ಣ ಬಲು ಅಗ್ಗ, ಆದರೆ ಎರಡು ವರ್ಷಕ್ಕೊಮ್ಮೆಯಾದರೂ ಒಂದು ಕೈ ಬಳಿಯಲೇಬೇಕು. ಎಮಲ್ಷನ್ ಒಣ ಗೋಡೆಯಲ್ಲಿ ಐದಾರು ವರ್ಷ ನಿಶ್ಚಿಂತೆ. ಮನೆಮಂದಿಯೇ ಕುಂಚ ಹಿಡಿಯುವುದಾದರೆ ಸುಣ್ಣ ಲಾಭ, ಪ್ರತಿ ಸಲವೂ ಕೂಲಿಯವರನ್ನು ಕರೆಯಬೇಕಾದರೆ ಎರಡರ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ.

ಕಾಲವನ್ನೂ ನೋಡಿಕೊಳ್ಳಿ. ಎಮಲ್ಷನ್ನಿಗೆ ಮಲೆನಾಡಿನಲ್ಲಿ ಫೆಬ್ರುವರಿ, ಮಾರ್ಚ್ ಒಳ್ಳೆಯದು, ಗೋಡೆ ಒಳಗಿನವರೆಗೂ ಒಣಗಿರುತ್ತದೆ. ಸುಣ್ಣಕ್ಕೆ ಅಷ್ಟು ಬಿಸಿಲು ಆಗದು, ಬೇಗ ಒಣಗಿದರೆ ಗಟ್ಟಿಯಾಗದೆ ಹುಡಿಯಾಗುತ್ತದೆ. ಮಳೆ ನಿಂತು ಗಾಳಿಯಲ್ಲಿ ತಂಪು ಉಳಿದಿರುವ ನವೆಂಬರ್ ಅದಕ್ಕೆ ಸರಿಯಾದ ತಿಂಗಳು. ಈ ಸಲದ ನವೆಂಬರಿಗೆ ಜಗಲಿಯ ಗೋಡೆಯ ಸರದಿ. ಹಳದಿ ಮಣ್ಣಿನ ಸುಣ್ಣ ಬಳಿದು, ಬುಡಕ್ಕೆ ಒಂದಡಿ ಕೆಮ್ಮಣ್ಣಿನ ಪಟ್ಟಿ ಎಳೆಯುವ ಯೋಚನೆಯಿದೆ.