ಶುಕ್ರವಾರ ಆಗ್ರಾ, ಸೋಮವಾರ ಕೆಂಪುಕೋಟೆ: ನಮ್ಮ ದೆಹಲಿ ಪ್ರವಾಸ ಕೆಟ್ಟ ಕಥೆ

ತಾಜ್ ಮಹಲ್‌ಗೆ ಶುಕ್ರವಾರ ರಜೆ. ಕೆಂಪುಕೋಟೆಗೆ ಸೋಮವಾರ ರಜೆ. ಈ ಎರಡು ಸಾಲು ಮೊದಲೇ ಗೊತ್ತಿದ್ದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅರ್ಧ ಪ್ರಮೇಯ ಅನ್ನಿ. ಉಳಿದರ್ಧ ಹೊಗೆಯದ್ದು.

2024ರ ದಸರಾ ರಜೆಯಲ್ಲೇ ದೆಹಲಿಗೆ ಹೋಗಬೇಕು ಅಂದುಕೊಂಡಿದ್ದೆವು. ವಿಮಾನದ ಟಿಕೆಟ್ ರೇಟು ನೋಡಿ ನಮ್ಮನೆಯವರು ಫೋನನ್ನು ಮಗುಚಿ ಇಟ್ಟರು. ಆರು ಜನ ನಾವು: ಅತ್ತೆ, ಮಾವ, ನಾವಿಬ್ಬರು, ಎಂಟನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ. ಹಾಸನದಲ್ಲಿ ಪರಿಚಯದ ಟ್ರಾವೆಲ್ ಏಜೆಂಟ್ ಒಬ್ಬರಿದ್ದಾರೆ. ಹೆಸರು ಬೇಡ. "ದಸರಾ ಬಿಡಿ ಅಕ್ಕಾ, ದೀಪಾವಳಿ ಆದ ಮೇಲೆ ಹೋಗಿ. ನವೆಂಬರ್ ಅಂದ್ರೆ ದೆಹಲಿಗೆ ಬೆಸ್ಟ್ ಸೀಸನ್. ಬಿಸಿಲೂ ಇಲ್ಲ, ಚಳಿಯೂ ಇಲ್ಲ," ಅಂದರು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬಿಸಿಲಂತೂ ಇರಲಿಲ್ಲ.

ನವೆಂಬರ್ 13ರ ಬುಧವಾರ ಹೊರಟು 18ರ ಸೋಮವಾರ ವಾಪಸ್. 18ಕ್ಕೆ ಕನಕ ಜಯಂತಿ ರಜೆ ಇದ್ದದ್ದರಿಂದ ಮಕ್ಕಳಿಗೆ ನಾಲ್ಕೇ ದಿನ ಶಾಲೆ ತಪ್ಪುತ್ತಿತ್ತು. ಲೆಕ್ಕ ಚೆನ್ನಾಗಿ ಕೂಡಿ ಬಂತು ಅಂತ ನಾನೇ ಖುಷಿಪಟ್ಟಿದ್ದೆ. ಏಜೆಂಟ್ ಕೊಟ್ಟ ಹಾಳೆಯಲ್ಲಿ 'ಮೊದಲ ದಿನ, ಎರಡನೇ ದಿನ' ಅಂತ ಇತ್ತೇ ಹೊರತು ಯಾವ ದಿನ ಯಾವ ವಾರ ಅಂತ ಇರಲಿಲ್ಲ. ಆ ಹಾಳೆಯನ್ನು ಕ್ಯಾಲೆಂಡರ್ ಪಕ್ಕದಲ್ಲೇ, ಅದೇ ಮೊಳೆಗೆ ಸಿಕ್ಕಿಸಿದ್ದೆವು. ಒಂದನ್ನೊಂದು ತಾಳೆ ನೋಡಬೇಕು ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಬುಧವಾರ ಸಂಜೆ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ಮಗ ಕೇಳಿದ, "ಅಮ್ಮಾ, ಯಾರೋ ಕಸ ಸುಡ್ತಿದಾರಾ?" ನಾನು ಅತ್ತಿತ್ತ ನೋಡಿದೆ. ಯಾರೂ ಸುಡುತ್ತಿರಲಿಲ್ಲ. ಊರೇ ಹಾಗೆ ನಾರುತ್ತಿತ್ತು. ಬಚ್ಚಲ ಒಲೆಗೆ ಹಸಿ ಸೌದೆ ತುರುಕಿ ಬಾಗಿಲು ಹಾಕಿದರೆ ಒಳಗೆ ಹೇಗಿರುತ್ತೆ, ಹಾಗೆ. ಅತ್ತೆಗೆ ಹತ್ತು ವರ್ಷದಿಂದ ಉಬ್ಬಸ. ಟ್ಯಾಕ್ಸಿ ಹತ್ತುವ ಮೊದಲೇ ಸೆರಗು ಮೂಗಿಗೆ ಬಂದಿತ್ತು.

ಇದು ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಮೊದಲೇ ಓದಬೇಕಿತ್ತು. ಪಂಜಾಬ್, ಹರಿಯಾಣದಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ ಭತ್ತದ ಕೊಯ್ಲು. ಅದಾದ ಕೆಲವೇ ವಾರದಲ್ಲಿ ಗೋಧಿ ಬಿತ್ತಬೇಕು. ಯಂತ್ರ ಕೊಯ್ದು ಬಿಟ್ಟ ಕೂಳೆಯನ್ನು ಕಿತ್ತು ತೆಗೆಯಲು ಪುರುಸೊತ್ತಿಲ್ಲ, ಹಾಗಾಗಿ ಬೆಂಕಿ ಇಡುತ್ತಾರೆ. ನಮ್ಮ ಕಡೆ ಹುಲ್ಲು ದನಕ್ಕೆ ಬೇಕು, ಬಣವೆ ಒಟ್ಟುತ್ತೇವೆ. ಅಲ್ಲಿ ಗದ್ದೆಯಲ್ಲೇ ಬೂದಿ. ಆ ಹೊಗೆಗೆ ದೆಹಲಿಯ ವಾಹನಗಳ ಹೊಗೆ, ಕಟ್ಟಡ ಕೆಲಸದ ಧೂಳು, ದೀಪಾವಳಿಯ ಪಟಾಕಿ ಎಲ್ಲ ಸೇರುತ್ತವೆ. ಮಳೆ ನಿಂತು ಗಾಳಿಯೂ ಮಂದವಾಗಿರುತ್ತದೆ. ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಹೊಗೆ ಮೇಲೆ ಹೋಗಲಾರದೆ ಜನರ ಮೂಗಿನ ಮಟ್ಟದಲ್ಲೇ ಉಳಿಯುತ್ತದೆ. ಗಾಳಿಯ ಗುಣಮಟ್ಟ ಅಳೆಯುವ ಎಕ್ಯೂಐ 50ರ ಒಳಗಿದ್ದರೆ ಒಳ್ಳೆಯದು. 400 ದಾಟಿದರೆ ಅತಿ ಕೆಟ್ಟದ್ದು, ಆ ಮಾಪಕ 500ಕ್ಕೇ ಮುಗಿಯುತ್ತದೆ. ನಾವು ಇಳಿದ ದಿನವೇ ಅದು 400ರ ಮೇಲೆ ಹೋಗಿತ್ತು.

ಗುರುವಾರ ಕುತುಬ್ ಮಿನಾರ್, ಹುಮಾಯೂನ್ ಸಮಾಧಿ ನೋಡಿದೆವು. ಇವೆರಡೂ ವಾರಪೂರ್ತಿ ತೆರೆದಿರುತ್ತವೆ, ಏಜೆಂಟ್ ಹಾಳೆಯಲ್ಲಿ ಸರಿಯಾಗಿದ್ದದ್ದು ಇದೊಂದೇ ದಿನ. ಸುಮಾರು 73 ಮೀಟರ್ ಎತ್ತರದ ಮಿನಾರಿನ ತುದಿ ಮಬ್ಬಾಗಿತ್ತು. ಸಂಜೆ ಹೋಟೆಲಿನ ಟಿವಿಯಲ್ಲಿ ಸುದ್ದಿ: ದೆಹಲಿಯ ಪ್ರೈಮರಿ ಶಾಲೆಗಳಿಗೆ ನಾಳೆಯಿಂದ ಆನ್‌ಲೈನ್ ಕ್ಲಾಸ್. ಮಗಳು ನನ್ನ ಮುಖ ನೋಡಿದಳು. "ಇಲ್ಲಿನ ಮಕ್ಕಳು ಮನೆಯಿಂದ ಹೊರಗೆ ಬರಬಾರದು ಅಂತಿದಾರೆ. ನಾವು ದುಡ್ಡು ಕೊಟ್ಟು ಬಂದಿದೀವಿ ಅಲ್ವಾ ಅಮ್ಮ?"

ಅದೇ ಸುದ್ದಿಯಲ್ಲಿ ಇನ್ನೊಂದು ವಿಷಯವೂ ಇತ್ತು, ನಾವು ಗಮನಿಸಲಿಲ್ಲ. ಗಾಳಿ ಕೆಟ್ಟಂತೆಲ್ಲ ಅಲ್ಲಿ ಗ್ರ್ಯಾಪ್ ಅನ್ನುವ ನಿಯಮ ಹಂತ ಹಂತವಾಗಿ ಜಾರಿಗೆ ಬರುತ್ತದೆ. ಒಟ್ಟು ನಾಲ್ಕು ಹಂತ. ಮೂರನೇ ಹಂತ ಬಂದರೆ ಬಿಎಸ್ 3 ಪೆಟ್ರೋಲ್ ಕಾರು, ಬಿಎಸ್ 4 ಡೀಸೆಲ್ ಕಾರು ರಸ್ತೆಗೆ ಇಳಿಯುವಂತಿಲ್ಲ. ಬಿಎಸ್ ಅಂದರೆ ವಾಹನದ ಹೊಗೆಗೆ ಸರ್ಕಾರ ಹಾಕಿದ ಮಿತಿ, ಅಂಕಿ ಚಿಕ್ಕದಾದಷ್ಟೂ ಹೊಗೆ ಜಾಸ್ತಿ. ಸಿಕ್ಕಿಬಿದ್ದರೆ 20,000 ರೂಪಾಯಿ ದಂಡ. ಆ ಹಂತ ಶುರುವಾದದ್ದು 15ರ ಶುಕ್ರವಾರ ಬೆಳಗ್ಗೆ 8 ಗಂಟೆಗೆ. ನಮ್ಮ ಆಗ್ರಾ ಪ್ರವಾಸದ ದಿನ.

ಬೆಳಗ್ಗೆ ಆರಕ್ಕೆ ಬರಬೇಕಿದ್ದ ಇನ್ನೋವಾ ಬರಲೇ ಇಲ್ಲ. ಹಳೇ ಡೀಸೆಲ್ ಗಾಡಿ, ತರೋಕಾಗಲ್ಲ ಅಂತ ಫೋನು. ಬೇರೆ ಸಿಎನ್‌ಜಿ ಕಾರು ಬೇಕಾದರೆ 4,500 ರೂಪಾಯಿ ಜಾಸ್ತಿ, ಈಗಲೇ ಕೊಡಬೇಕು. ಏಜೆಂಟ್‌ಗೆ ಕರೆ ಮಾಡಿದರೆ "ಕೊಟ್ಬಿಡಿ ಅಕ್ಕಾ, ಬಂದ್ಮೇಲೆ ನೋಡೋಣ." ಕೊಟ್ಟೆವು. ಎಂಟೂವರೆಗೆ ಕಾರು ಬಂತು. ಡಿಕ್ಕಿ ತುಂಬ ಸಿಲಿಂಡರ್. ಮಾವ ಮಡಚುವ ಕುರ್ಚಿಯನ್ನು ಹೋಟೆಲಿನಲ್ಲೇ ಬಿಟ್ಟು ಬಂದರು.

ಯಮುನಾ ಎಕ್ಸ್‌ಪ್ರೆಸ್‌ವೇ 165 ಕಿಲೋಮೀಟರ್ ಉದ್ದದ ಒಳ್ಳೆಯ ರಸ್ತೆ. ಕಂಡಷ್ಟು ದೂರ ಒಳ್ಳೆಯದಿತ್ತು. ಅರ್ಧ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಡ್ರೈವರ್ ಗ್ಲಾಸು ಕೆಳಗಿಡುತ್ತಾ ತಣ್ಣಗೆ ಹೇಳಿದ, "ಸಾಬ್, ಆಜ್ ತೋ ಜುಮ್ಮಾ ಹೈ. ತಾಜ್ ಬಂದ್ ರಹೇಗಾ." ನಮ್ಮನೆಯವರಿಗೆ ಹಿಂದಿ ಬರುತ್ತದೆ. ಅವರು ಅರ್ಧ ನಿಮಿಷ ಏನೂ ಮಾತಾಡಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ ಅವನ ಉತ್ತರ, "ನಂಗೆ ಆಗ್ರಾ ಡ್ಯೂಟಿ ಅಂದ್ರು, ತಾಜ್ ಅಂತ ಯಾರೂ ಹೇಳ್ಲಿಲ್ಲ." ಅವನ ಮೇಲೆ ನನಗೆ ಈಗಲೂ ಕೋಪವಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬರುವ ಸ್ಥಳೀಯರನ್ನು ಬಿಟ್ಟರೆ ಒಳಗೆ ಯಾರಿಗೂ ಪ್ರವೇಶವಿಲ್ಲ ಅನ್ನುವುದು ಆಗ್ರಾದಲ್ಲಿ ಸಣ್ಣ ಮಗುವಿಗೂ ಗೊತ್ತು. ಪ್ರವಾಸ ಮಾಡಿಸುವುದೇ ಕಸುಬಾದ ನಮ್ಮೂರಿನ ಮನುಷ್ಯನಿಗೆ ಗೊತ್ತಿರಲಿಲ್ಲ ಅಂದರೆ ಹೇಗೆ ನಂಬೋದು? ಅವತ್ತು ಹುಣ್ಣಿಮೆ ಬೇರೆ. ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಟಿಕೆಟ್ ಕೊಟ್ಟು ತಾಜ್ ತೋರಿಸುತ್ತಾರೆ. ಶುಕ್ರವಾರ ಅದೂ ಇಲ್ಲ.

ಆಗ್ರಾ ಕೋಟೆ ತೆರೆದಿತ್ತು, ಅಲ್ಲಿಗೆ ಹೋದೆವು. ಯಮುನೆಯ ಕಡೆಗೆ ಚಾಚಿಕೊಂಡ ಬಿಳಿ ಅಮೃತಶಿಲೆಯ ಮಂಟಪ ಒಂದಿದೆ, ಮುಸಮ್ಮನ್ ಬುರ್ಜ್. ಮಗ ಔರಂಗಜೇಬ 1658ರಲ್ಲಿ ಸೆರೆಯಲ್ಲಿಟ್ಟ ಮೇಲೆ ಷಹಜಹಾನ್ ಸಾಯುವ ತನಕ, ಅಂದರೆ ಎಂಟು ವರ್ಷ, ಅಲ್ಲಿಂದಲೇ ತಾಜ್ ನೋಡುತ್ತಿದ್ದ ಅನ್ನುತ್ತಾರೆ. ಅತ್ತೆ ಕಂಬ ಹಿಡಿದು, ಕನ್ನಡಕ ಒರೆಸಿಕೊಂಡು ಆ ಕಡೆ ನೋಡಿದರು. ಮತ್ತೆ ಒರೆಸಿಕೊಂಡರು. "ಎಲ್ಲಿದೆಯೋ ಮಾರಾಯ?" ಅಂತ ನಮ್ಮನೆಯವರನ್ನು ಕೇಳಿದರು. ಅವರು ಕೈ ತೋರಿಸಿದ ಕಡೆ ಬೂದು ಬಣ್ಣ ಬಿಟ್ಟು ಏನೂ ಇರಲಿಲ್ಲ. ಸಂಜೆ ನದಿಯ ಆಚೆ ದಡದ ಮೆಹ್ತಾಬ್ ಬಾಗ್‌ಗೆ ಹೋದಾಗ ಗುಮ್ಮಟದ ಒಂದು ಅಂದಾಜು ಕಂಡಿತು, ನೋಟಿನ ಖಾಲಿ ಜಾಗದಲ್ಲಿ ಗಾಂಧೀಜಿ ಕಾಣುತ್ತಾರಲ್ಲ, ಅಷ್ಟು. ನಮ್ಮ ಆಲ್ಬಮ್ಮಿನಲ್ಲಿ ಅದೇ ಫೋಟೋ ಇದೆ. ಇದೇನು ಅಂತ ನಾವೇ ಹೇಳಬೇಕು.

ನಡುವೆ ಅಮೃತಶಿಲೆ ಅಂಗಡಿಗೆ ಕರೆದುಕೊಂಡು ಹೋದದ್ದು, 'ಸರ್ಕಾರಿ' ಅಂತ ಬೋರ್ಡ್ ಇದ್ದರೂ ಅದು ಸರ್ಕಾರಿ ಅಲ್ಲದ್ದು, ಇವೆಲ್ಲ ಎಲ್ಲ ಊರಿನಲ್ಲೂ ಇದ್ದದ್ದೇ. ಬಿಡಿ.

ರಾತ್ರಿ ಎರಡು ಗಂಟೆಗೆ ಅತ್ತೆ ಎದ್ದು ಕುಳಿತರು. ಇನ್‌ಹೇಲರ್ ಮೂರು ಸಲ ಎಳೆದರೂ ಸುಯ್ ಸುಯ್ ಅನ್ನುವ ಸದ್ದು ನಿಲ್ಲಲಿಲ್ಲ. ಹೋಟೆಲ್ ಇದ್ದದ್ದು ಪಹಾಡ್‌ಗಂಜ್‌ನ ಗಲ್ಲಿಯೊಳಗೆ. ಹಾಳೆಯಲ್ಲಿ 'ಕನಾಟ್ ಪ್ಲೇಸ್ ಸಮೀಪ' ಅಂತಿತ್ತು. ಸಮೀಪ ಹೌದು, ಆದರೆ ಗಲ್ಲಿಯೊಳಗೆ ಕಾರು ಬರುವುದಿಲ್ಲ. ನಮ್ಮನೆಯವರೂ ಮಾವನೂ ಎರಡು ಕಡೆ ಹಿಡಿದುಕೊಂಡು ಮುಖ್ಯರಸ್ತೆಯವರೆಗೆ ನಡೆಸಿದರು. ಇನ್ನೂರು ಹೆಜ್ಜೆ ಇರಬಹುದು. ಮೂರು ಸಲ ನಿಂತರು. ನರ್ಸಿಂಗ್ ಹೋಮ್‌ನಲ್ಲಿ ನೆಬ್ಯುಲೈಜರ್ ಹಾಕಿದರು, ಬೆಳಗಿನ ತನಕ ಇರಿಸಿಕೊಂಡರು. ಅಲ್ಲಿನ ಡಾಕ್ಟರು ಒಳ್ಳೆಯವರು. ಬೈಯಲಿಲ್ಲ. ಈ ತಿಂಗಳಲ್ಲಿ ಇವರನ್ನು ಕರೆದುಕೊಂಡು ಬರಲು ಯಾರು ಹೇಳಿದರು ಅಂತಷ್ಟೇ ಕೇಳಿದರು. ನಾವು ತಂದಿದ್ದ ಬಟ್ಟೆ ಮಾಸ್ಕ್ ನೋಡಿ, ಇದು ಈ ಹೊಗೆಗೆ ಏನೂ ಮಾಡುವುದಿಲ್ಲ, ಎನ್95 ತನ್ನಿ ಅಂದರು. ಮಕ್ಕಳ ಅಳತೆಯದ್ದು ಹುಡುಕಲು ನಾಲ್ಕು ಮೆಡಿಕಲ್ ಶಾಪ್ ಅಲೆದೆ.

ಶನಿವಾರ ಕೋಣೆಯಲ್ಲೇ ಕಳೆಯಿತು. ಭಾನುವಾರ ಅತ್ತೆಯ ಜೊತೆ ನಮ್ಮನೆಯವರು ಉಳಿದರು, ಉಳಿದವರು ಮೆಟ್ರೋ ಹತ್ತಿ ನ್ಯಾಷನಲ್ ಮ್ಯೂಸಿಯಂಗೆ ಹೋದೆವು. ಇದು ಹಾಳೆಯಲ್ಲಿ ಇರಲಿಲ್ಲ, ಮಗಳು ಹುಡುಕಿದ್ದು. ಇಡೀ ಪ್ರವಾಸದಲ್ಲಿ ನೆನಪಿಟ್ಟುಕೊಳ್ಳುವಂಥ ಎರಡು ಗಂಟೆ ಅದೇ. ಮೊಹೆಂಜೊದಾರೊದ ನರ್ತಕಿ ಅಲ್ಲಿದ್ದಾಳೆ, ಕಂಚಿನವಳು. ಪಾಠದ ಪುಸ್ತಕದಲ್ಲಿ ಅರ್ಧ ಪುಟ ನಿಂತಿರುವವಳು ನಿಜದಲ್ಲಿ ಹತ್ತೂವರೆ ಸೆಂಟಿಮೀಟರ್. ಮಗಳು ಗಾಜಿನ ಮೇಲೆ ಗೇಣು ಇಟ್ಟು ನೋಡಿದಳು. ಗೇಣಿಗಿಂತ ಚಿಕ್ಕವಳು. "ಇಷ್ಟೇ ಇಷ್ಟಿದ್ದು ಸೊಂಟದ ಮೇಲೆ ಕೈ ಬೇರೆ" ಅಂತ ನಕ್ಕಳು.

ಸೋಮವಾರದ್ದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. ಮಾವ ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿದ್ದವರು. ಪ್ರತಿ ಆಗಸ್ಟ್ 15ಕ್ಕೆ ಧ್ವಜಾರೋಹಣಕ್ಕೆ ಹೋಗುವ ಮೊದಲು ರೇಡಿಯೋದಲ್ಲಿ ಕೆಂಪುಕೋಟೆಯ ಭಾಷಣ ಕೇಳುವುದು ಅವರ ರೂಢಿ. ಈ ಪ್ರವಾಸಕ್ಕೆ ಅವರು ಬಂದದ್ದೇ ಅದನ್ನು ನೋಡಲು. ತಾಜ್ ಹೋದಾಗಲೂ ಏನೂ ಅನ್ನಲಿಲ್ಲ, ಕೊನೆಯ ದಿನ ಕೆಂಪುಕೋಟೆ ಇದೆಯಲ್ಲ ಅಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ ಅದಕ್ಕೇ ಎತ್ತಿಟ್ಟಿದ್ದರು. ಶುಕ್ರವಾರ ಪೆಟ್ಟು ತಿಂದ ಮೇಲಾದರೂ ನಾವು ಸೋಮವಾರವನ್ನು ನೋಡಬೇಕಿತ್ತು. ಅತ್ತೆಯ ಗಾಬರಿಯಲ್ಲಿ ನೋಡಲಿಲ್ಲ. ಇದು ಏಜೆಂಟ್ ತಪ್ಪಲ್ಲ, ನಮ್ಮದೇ. ಲಾಹೋರಿ ಗೇಟಿನ ಮುಂದೆ ಬೇಲಿಯ ಹತ್ತಿರ ಪೊಲೀಸ್ ಒಬ್ಬ ಕೈ ಆಡಿಸಿ "ಸೋಮ್‌ವಾರ್ ಬಂದ್" ಅಂದ. ಮಾವ ಬೇಲಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಹೊಗೆಯಲ್ಲಿ ಕೆಂಪು ಬಣ್ಣವೂ ಸರಿಯಾಗಿ ಕಾಣುತ್ತಿರಲಿಲ್ಲ. "ಬಾವುಟ ಹಾರಿಸೋ ಜಾಗ ಅದೇ ಇರಬೇಕು," ಅಂತ ಮೊಮ್ಮಗನಿಗೆ ತೋರಿಸಿದರು. ಅಷ್ಟೇ.

ಮಧ್ಯಾಹ್ನದ ಅಕ್ಷರಧಾಮವೂ ಸೋಮವಾರ ಇಲ್ಲ. ಲೋಟಸ್ ಟೆಂಪಲ್ ಇಲ್ಲ. ಮ್ಯೂಸಿಯಂ ಇಲ್ಲ. ಅವತ್ತು ಎಕ್ಯೂಐ 490 ದಾಟಿತ್ತು, ಗ್ರ್ಯಾಪ್ ನಾಲ್ಕನೇ ಹಂತವೂ ಬಂದಿತ್ತು. ಕೆಲವು ವಿಮಾನಗಳನ್ನು ಬೇರೆ ಊರಿಗೆ ತಿರುಗಿಸಿದ್ದರು. ನಮ್ಮದು ನಾಲ್ಕು ಗಂಟೆ ತಡ. ಮಧ್ಯರಾತ್ರಿ ಬೆಂಗಳೂರಿನಲ್ಲಿ ಇಳಿದಾಗ ಅತ್ತೆ ಹೊರಗೆ ನಿಂತು ಉದ್ದಕ್ಕೆ ಉಸಿರೆಳೆದರು. ಬೆಂಗಳೂರಿನ ಗಾಳಿಯನ್ನು ಯಾರಾದರೂ ಹಾಗೆ ಆಸೆಪಟ್ಟು ಎಳೆದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಊರಿಗೆ ಬಂದು ಏಜೆಂಟ್ ಹತ್ತಿರ ಜಗಳ ಆಯಿತು. ಹಾಳೆಯ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಸ್ಥಳಗಳ ಪ್ರವೇಶಕ್ಕೆ ನಾವು ಜವಾಬ್ದಾರರಲ್ಲ' ಅಂತ ಇದೆ, ತೋರಿಸಿದರು. ಆರು ಜನಕ್ಕೆ 1,38,000 ರೂಪಾಯಿ ಕೊಟ್ಟಿದ್ದೆವು. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟ ಮೇಲೆ ಕಾರಿನ 4,500 ಮಾತ್ರ ವಾಪಸ್ ಬಂತು. ರಸೀದಿ, ವಾಟ್ಸಾಪ್ ಮಾತು ಎಲ್ಲ ಇಟ್ಟುಕೊಂಡಿದ್ದಕ್ಕೆ ಅಷ್ಟಾದರೂ ಸಿಕ್ಕಿತು. ಫೋನಿನಲ್ಲಿ ಮಾತಾಡಿದ್ದಕ್ಕೆಲ್ಲ ಪುರಾವೆ ಇಲ್ಲ.

ಹಾಗಾಗಿ ದೆಹಲಿಗೆ ಹೊರಟಿದ್ದರೆ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಬೇಡ. ವಯಸ್ಸಾದವರು, ಚಿಕ್ಕ ಮಕ್ಕಳು, ದಮ್ಮಿನವರು ಇದ್ದರೆ ಬೇಡವೇ ಬೇಡ. ಟಿಕೆಟ್ ಆಗಿಹೋಗಿದೆ ಅನ್ನುವವರು ಸಮೀರ್ ಆ್ಯಪ್ ಹಾಕಿಕೊಳ್ಳಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು, ಆಯಾ ಬಡಾವಣೆಯ ಎಕ್ಯೂಐ ತೋರಿಸುತ್ತದೆ. ಕಾರು ಬುಕ್ ಮಾಡುವಾಗ ಸಿಎನ್‌ಜಿಯೋ, ಬಿಎಸ್ 6 ಗಾಡಿಯೋ ಅಂತ ಬರೆದು ಕೊಡಲು ಹೇಳಿ. ದೆಹಲಿಯೊಳಗೆ ಕಾರೇ ಬೇಡ, ಮೆಟ್ರೋ ಸಾಕು. ಮೊದಲ ಬೋಗಿ ಹೆಂಗಸರಿಗೇ ಮೀಸಲು. ಹೋಟೆಲ್ ಬಾಗಿಲವರೆಗೆ ಕಾರು ಬರುತ್ತದಾ ಅಂತ ಹೋಟೆಲಿಗೇ ಫೋನ್ ಮಾಡಿ ಕೇಳಿ.

ಮಾವ ಮತ್ತೆ ಹೊರಟಿದ್ದಾರೆ, ಫೆಬ್ರವರಿ ಕೊನೆಗೆ. ಆಗ ಹೊಗೆ ಕಡಿಮೆ, ರಾಷ್ಟ್ರಪತಿ ಭವನದ ಅಮೃತ ಉದ್ಯಾನವೂ ತೆರೆದಿರುತ್ತದೆ, ಸೋಮವಾರ ಬಿಟ್ಟು. ಅತ್ತೆ ಬರಲ್ಲ ಅಂದಿದ್ದಾರೆ. ಈ ಸಲ ಪಟ್ಟಿ ಮಾಡಿದ್ದು ಮಾವನೇ, ಶಾಲೆಯ ಹಾಜರಿ ಪುಸ್ತಕದ ಥರ ಗೆರೆ ಎಳೆದು, ಮೇಲೆ ವಾರಗಳ ಹೆಸರು ಬರೆದು. ಸೋಮವಾರದ ಮನೆಯಲ್ಲಿ ಕೆಂಪು ಶಾಯಿಯಲ್ಲಿ 'ರೈಲು' ಅಂತಿದೆ. ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಕೆಂಪುಕೋಟೆ.