ಆಕ್ಸೆಸ್ ಕಡತಗಳ ನಡುವೆ ಬಳಕೆದಾರರ ಅನುಮತಿಗಳ ವರ್ಗಾವಣೆ: ಒಂದು ವಿಮರ್ಶೆ

ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಆಕ್ಸೆಸ್‌ನ ಹಳೆಯ ಎಂಡಿಬಿ (.mdb) ಮಾದರಿಯ ಕಡತಗಳಲ್ಲಿ, ಯಾವ ಟೇಬಲ್ಲನ್ನು ಯಾರು ಓದಬಹುದು, ಯಾವ ಫಾರ್ಮನ್ನು ಯಾರು ತಿದ್ದಬಹುದು ಎಂಬುದನ್ನು ಬೇರೆಬೇರೆಯಾಗಿ ಗೊತ್ತುಪಡಿಸುವ ಸೌಲಭ್ಯವಿದೆ. ಒಂದೇ ಕಡತದೊಳಗೆ ಇದು ಅಚ್ಚುಕಟ್ಟಾಗಿ ನಡೆಯುತ್ತದೆ; ತೊಡಕು ಶುರುವಾಗುವುದು ಆ ಅನುಮತಿಗಳನ್ನು ಇನ್ನೊಂದು ಕಡತಕ್ಕೆ ಒಯ್ಯಬೇಕಾದಾಗ.

ಬಳಕೆದಾರರ ಹೆಸರು, ಗುಂಪು ಮತ್ತು ಪಾಸ್‌ವರ್ಡ್‌ಗಳು ಎಂಡಿಡಬ್ಲ್ಯೂ ಎಂಬ ವರ್ಕ್‌ಗ್ರೂಪ್ ಕಡತದಲ್ಲಿದ್ದರೆ, ಅನುಮತಿಗಳು ಮಾತ್ರ ಆಯಾ ಡೇಟಾಬೇಸ್ ಕಡತದೊಳಗೇ ಇರುತ್ತವೆ. ಆದ್ದರಿಂದ ಟೇಬಲ್‌ಗಳನ್ನು ಹೊಸ ಕಡತಕ್ಕೆ ಇಂಪೋರ್ಟ್ ಮಾಡಿದರೆ ದತ್ತಾಂಶ ಬರುತ್ತದೆಯೇ ಹೊರತು ಅನುಮತಿಗಳು ಬರುವುದಿಲ್ಲ. ಇಂಪೋರ್ಟ್ ಮಾಡಿದವರೇ ಅವುಗಳ ಒಡೆಯರಾಗುತ್ತಾರೆ. ಇಡೀ ಕಡತವನ್ನು ನಕಲು ಮಾಡಿದರೆ ಅನುಮತಿಗಳು ಉಳಿಯುತ್ತವೆ, ಆದರೆ ಜೊತೆಗೆ ಅದೇ ವರ್ಕ್‌ಗ್ರೂಪ್ ಕಡತವೂ ಬೇಕು. ಅದು ಕಳೆದುಹೋಗಿದ್ದಲ್ಲಿ ಪ್ರತಿ ಖಾತೆಯನ್ನೂ ಮೊದಲಿನ ಹೆಸರು ಮತ್ತು ಮೊದಲಿನ ಪಿಐಡಿ (ಖಾತೆ ತೆರೆಯುವಾಗ ಕೊಟ್ಟಿದ್ದ ಗುರುತಿನ ಅಕ್ಷರ-ಅಂಕಿಗಳ ಸಾಲು) ಕೊಟ್ಟೇ ಮತ್ತೆ ಸೃಷ್ಟಿಸಬೇಕು. ಏಕೆಂದರೆ ಆಕ್ಸೆಸ್ ಗುರುತಿಸುವುದು ಬರಿಯ ಹೆಸರನ್ನಲ್ಲ, ಅವೆರಡರಿಂದ ಹುಟ್ಟುವ ಎಸ್‌ಐಡಿ ಎಂಬ ಒಳಗುರುತನ್ನು. ಪಿಐಡಿಯನ್ನು ಬರೆದಿಟ್ಟುಕೊಳ್ಳುವ ಶಿಸ್ತು ಎಷ್ಟು ಕಚೇರಿಗಳಲ್ಲಿದೆಯೋ!

ನನಗೆ ಒಪ್ಪಿಗೆಯಾಗುವ ದಾರಿಯೆಂದರೆ, ಆಕ್ಸೆಸ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎಯಲ್ಲಿ, ಡೇಟಾಬೇಸನ್ನು ಕೋಡ್‌ನಿಂದ ನಿಭಾಯಿಸಲು ನೆರವಾಗುವ ಡಿಎಒ ಬಳಸಿ ಚಿಕ್ಕದೊಂದು ಕೋಡ್ ಬರೆದು, ಹಳೆಯ ಕಡತದ ಪ್ರತಿ ಡಾಕ್ಯುಮೆಂಟ್‌ನ (ಟೇಬಲ್, ಫಾರ್ಮ್ ಮುಂತಾದವುಗಳಿಗೆ ಡಿಎಒ ಇಟ್ಟ ಹೆಸರು) ಪರ್ಮಿಷನ್ಸ್ ಮೌಲ್ಯವನ್ನು ಗುಂಪುವಾರು ಓದಿ, ಹೊಸ ಕಡತದ ಅದೇ ಹೆಸರಿನ ಡಾಕ್ಯುಮೆಂಟ್‌ಗೆ ಹಚ್ಚುವುದು. ವ್ಯಕ್ತಿಗಳ ಬದಲು ಗುಂಪುಗಳಿಗೆ ಅನುಮತಿ ಕೊಟ್ಟಿದ್ದವರಿಗೆ ಈ ಕೆಲಸ ಬಹಳ ಹಗುರ. ಇಷ್ಟು ಮಾಡುವ ಗುಂಡಿಯೊಂದನ್ನು ಆಕ್ಸೆಸ್‌ನಲ್ಲೇ ಇಟ್ಟಿರಬಹುದಿತ್ತು.

ಆಕ್ಸೆಸ್ 2007ರೊಂದಿಗೆ ಬಂದ ಎಸಿಸಿಡಿಬಿ ಮಾದರಿಯಲ್ಲಂತೂ ಬಳಕೆದಾರರಿಗೆ ಬೇರೆಬೇರೆ ಅನುಮತಿ ಕೊಡುವ ಸೌಲಭ್ಯವೇ ಇಲ್ಲ. ಹೊಸದಾಗಿ ವ್ಯವಸ್ಥೆ ಕಟ್ಟುವವರು ದತ್ತಾಂಶವನ್ನು ಮೈಕ್ರೋಸಾಫ್ಟ್‌ನದೇ ದೊಡ್ಡ ಡೇಟಾಬೇಸ್ ವ್ಯವಸ್ಥೆಯಾದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿಟ್ಟು ಅನುಮತಿಗಳನ್ನು ಅಲ್ಲಿಯೇ ನಿಭಾಯಿಸುವುದು ಲೇಸು.